ದಿಂಬಿನಂಥ ಆ ಲಾವಾವನ್ನು ಸ್ವಲ್ಪ ಹತ್ತಿರದಿಂದ ನೋಡಿ
ದಕ್ಷಿಣ ಆಫ್ರಿಕಾದ ಬಾರ್ಬರ್ಟನ್ ಮಖೋಂಜ್ವಾ ಬೆಟ್ಟಗಳ ಬಗ್ಗೆ ನೀವು ಲೇಖನ ಬರೆದಿದ್ದು ತುಂಬಾ ಖುಷಿಯಾಯಿತು. 360ರಿಂದ 325 ಕೋಟಿ ವರ್ಷ ಹಳೆಯ ಕಲ್ಲು, 2018ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿತು ಅಂತ ಹೇಳಿದ್ದೀರಿ, ಸರಿ. ಆದರೆ ದಿಂಬಿನಾಕಾರದ ಲಾವಾವನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ. ನನಗೆ ಅದೇ ಜಾಸ್ತಿ ಇಷ್ಟ.

ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಕ್ಷಣ ಗಾಜಿನಂತೆ ಗಟ್ಟಿಯಾಗುತ್ತದೆ. ಒಳಗೆ ಇನ್ನೂ ಕುದಿಯುತ್ತಿರುತ್ತದೆ. ಸಿಪ್ಪೆ ಬಿರಿದು ಇನ್ನೊಂದು ಉಂಡೆ ಹೊರಬರುತ್ತದೆ. ಮೇಲ್ಭಾಗ ದುಂಡಗಿರುತ್ತದೆ, ಕೆಳಭಾಗ ಮಾತ್ರ ಕೆಳಗಿನ ಉಂಡೆಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಹಾಗಾಗಿ ಪದರ ಈಗ ಮಗುಚಿ ಬಿದ್ದಿದ್ದರೂ ಆಗ ಮೇಲೆ ಯಾವುದಿತ್ತು ಅಂತ ಹೇಳಬಹುದು. ಅಲ್ಲಿ ನೀರಿತ್ತು ಅನ್ನೋದಕ್ಕೂ ಇದಕ್ಕಿಂತ ನೇರ ಸಾಕ್ಷಿ ಬೇಕಾ?

ಆ ಬೆಟ್ಟಗಳಲ್ಲಿ ಸಿಗುವ ಕೊಮಾಟೈಟ್ ಅನ್ನೋ ಲಾವಾ ಕಲ್ಲಿಗೆ ಹೆಸರು ಬಂದಿದ್ದೇ ಅಲ್ಲಿನ ಕೊಮಾಟಿ ನದಿಯಿಂದ. 1969ರಲ್ಲಿ ಭೂವಿಜ್ಞಾನಿಗಳಾದ ವಿಲ್ಯೋನ್ ಸಹೋದರರು ಅದನ್ನು ಗುರುತಿಸಿದರು. ಸುಮಾರು 1600 ಡಿಗ್ರಿ ಸೆಲ್ಸಿಯಸ್ ಬಿಸಿಯ ಲಾವಾ ಅದು, ಈಗಿನ ಯಾವ ಜ್ವಾಲಾಮುಖಿಯೂ ಅಂಥದ್ದನ್ನು ಉಗುಳುವುದಿಲ್ಲ.

ಅದೇ ಬೆಟ್ಟಗಳ ಮೂಡೀಸ್ ಅನ್ನೋ ಮರಳುಗಲ್ಲನ್ನು ಬಿಟ್ಟಿದ್ದು ಬೇಜಾರಾಯಿತು. ಸುಮಾರು 322 ಕೋಟಿ ವರ್ಷ ಹಿಂದಿನ ಸಮುದ್ರದ ಭರತ ಇಳಿತದ ಗುರುತು ಅದರಲ್ಲಿ ಹಾಗೇ ಉಳಿದಿದೆ. ಮರಳಿನ ಪದರ, ಮೇಲೆ ತೆಳು ಕೆಸರು, ಮತ್ತೆ ಮರಳು. ದಯವಿಟ್ಟು ಅದರ ಮೇಲೆ ಇನ್ನೊಂದು ಲೇಖನ ಬರೆಯಿರಿ.