15 ಡಿಗ್ರಿಗಿಂತ ಕೆಳಗೆ ರಜೆ

ಡೀಸೆಲ್ ಎಂಜಿನ್ನಿಗೆ ತಾನು ಬಿಟ್ಟ ಹೊಗೆಯನ್ನು ತಾನೇ ಕುಡಿಯಬೇಕಾದ ಕರ್ಮವಿದೆ. ಹೊರಗೆ ಹೊರಟ ಹೊಗೆಯಲ್ಲಿ ಒಂದು ಪಾಲನ್ನು ಪುಟ್ಟ ವಾಲ್ವ್ ತಡೆದು, ಒಳಬರುವ ಹೊಸ ಗಾಳಿಗೆ ಬೆರೆಸಿ ಮತ್ತೆ ಸಿಲಿಂಡರಿಗೆ ಕಳಿಸುತ್ತದೆ. ಆಮ್ಲಜನಕ ಕಡಿಮೆಯಾಗಿ ಉರಿಯ ತಾಪ ಇಳಿಯುತ್ತದೆ. ತಾಪ ಇಳಿದರೆ ಶ್ವಾಸಕೋಶಕ್ಕೆ ಶತ್ರುವಾದ ನೈಟ್ರೋಜನ್ ಆಕ್ಸೈಡುಗಳು ಅಷ್ಟಾಗಿ ಹುಟ್ಟುವುದಿಲ್ಲ. ಇದೇ ಇಜಿಆರ್, ಅಂದರೆ ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಶನ್. ಗ್ಯಾರೇಜಿನವರಿಗೆ ಇದನ್ನು ಕಂಡರೆ ಆಗದು. ಬಿಚ್ಚಿದರೆ ಬಾಯಿತುಂಬ ಎಣ್ಣೆ ಬೆರೆತ ಅಂಟುಮಸಿ. ಸ್ಕ್ರೂಡ್ರೈವರಿನಿಂದ ಕೆರೆದರೆ ಪದರು ಪದರಾಗಿ ಏಳುತ್ತದೆ. ಕೊಳಕು ಕೆಲಸ, ಒಪ್ಪೋಣ. ಆದರೂ ಕೆಲಸವೇ ತಾನೇ?

ಈ ನೌಕರನಿಗೆ ಯುರೋಪಿನಲ್ಲಿ ಮಂಜೂರಾದ ರಜೆಯ ನಿಯಮಗಳನ್ನು ಕೇಳಿ.

ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಹೊಗೆ ಪರೀಕ್ಷೆಗೆ ಮೋಸ ಮಾಡಿ ಸಿಕ್ಕಿಬಿದ್ದವು. ಆಮೇಲೆ ಲೆಕ್ಕ ಹಾಕಿದರೆ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳು. ಯುರೋಪಿನ ಕಾರುಗಳಲ್ಲಿದ್ದ ತಂತ್ರಾಂಶಕ್ಕೆ ಎರಡು ಮುಖಗಳಿದ್ದವು. ಪ್ರಯೋಗಾಲಯದಲ್ಲಿ ಪರೀಕ್ಷೆ ನಡೆಯುತ್ತಿದೆ ಎಂಬ ವಾಸನೆ ಬಡಿದರೆ ‘ಮೋಡ್ 0’: ವಾಲ್ವ್ ಪೂರಾ ನಿಷ್ಠೆಯಿಂದ ದುಡಿಯುತ್ತದೆ. ರಸ್ತೆಗೆ ಇಳಿದರೆ ‘ಮೋಡ್ 1’: ಹಾಜರಿ ಇದೆ, ಕೆಲಸ ಅಷ್ಟಕ್ಕಷ್ಟೆ.

ಮಾನ ಹೋಯಿತು, ದಂಡ ತೆತ್ತರು, ತಪ್ಪನ್ನು ಸರಿಪಡಿಸಲು ಹೊಸ ತಂತ್ರಾಂಶ ತುಂಬಿದರು. ಜರ್ಮನಿಯ ಸಾರಿಗೆ ಪ್ರಾಧಿಕಾರ ಅದನ್ನು ನೋಡಿ, ಇದರಲ್ಲಿ ಕಾನೂನುಬಾಹಿರವಾದುದೇನೂ ಇಲ್ಲವೆಂದು ಮೊಹರು ಒತ್ತಿತು. ಹೊಸ ವ್ಯವಸ್ಥೆಯಲ್ಲಿ ವಾಲ್ವ್ ಪೂರ್ತಿ ಕೆಲಸ ಮಾಡುವುದು ಹೊರಗಿನ ತಾಪಮಾನ 15ರಿಂದ 33 ಡಿಗ್ರಿ ಸೆಲ್ಸಿಯಸ್ ನಡುವೆ ಇದ್ದರೆ ಮಾತ್ರ. ಚಳಿಯಾದರೆ ವಿನಾಯಿತಿ, ಸೆಖೆಯಾದರೆ ವಿನಾಯಿತಿ, 1,000 ಮೀಟರಿಗಿಂತ ಎತ್ತರದ ಬೆಟ್ಟ ಹತ್ತಿದರೂ ವಿನಾಯಿತಿ. ಅಂದಿನ ಪ್ರಯೋಗಾಲಯದ ಪರೀಕ್ಷೆ ನಡೆಯುತ್ತಿದ್ದುದು 20ರಿಂದ 30 ಡಿಗ್ರಿಯಲ್ಲಿ ಎಂಬುದು ಕೇವಲ ಕಾಕತಾಳೀಯವೆಂದು ನಂಬುವಷ್ಟು ಸಾಧುಗಳು ನಾವಾಗಿರಬೇಕು.

ಜರ್ಮನಿಯ ಜನವರಿಯನ್ನು ಬಲ್ಲವರು ಈ ಷರತ್ತನ್ನು ಮತ್ತೊಮ್ಮೆ ಓದಿಕೊಳ್ಳಲಿ. ಆಲ್ಪ್ಸ್ ತಪ್ಪಲಿನ ಆಸ್ಟ್ರಿಯಾದವರು ಎರಡು ಸಲ ಓದಲಿ. ನನಗಂತೂ ಇದನ್ನು ಬರೆದವನು ಬಸವನಗುಡಿಯ ಸೊಸೆಯ ಮನೆಯಲ್ಲಿ ಕುಳಿತು ಬರೆದನೇನೋ ಎಂಬ ಗುಮಾನಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಡಿಸೆಂಬರಿನ ಕೆಲವು ಮುಂಜಾವು ಹಾಗೂ ಏಪ್ರಿಲ್ ಮಧ್ಯಾಹ್ನಗಳನ್ನು ಬಿಟ್ಟರೆ ವರ್ಷವಿಡೀ ಹದವಾದ ಹವೆ: ಆ ವಾಲ್ವ್ ಮನಸ್ಸಿಟ್ಟು ದುಡಿಯುವ ಊರು ಭೂಮಿಯ ಮೇಲೆ ಇದ್ದರೆ ಅದು ಬೆಂಗಳೂರು. ಮಡಿಕೇರಿಗೆ ಹೊರಟರೆ ಮಾತ್ರ ಊರು ತಲುಪುವ ಮೊದಲೇ ಅದಕ್ಕೆ ರಜೆ.

ನ್ಯಾಯಾಲಯದಲ್ಲಿ ಕಂಪನಿಗಳು ಹೂಡಿದ ವಾದ ಕರುಣಾಜನಕವಾಗಿತ್ತು: ವಾಲ್ವಿಗೆ ಮಸಿ ಕಟ್ಟುತ್ತದೆ, ಎಂಜಿನ್ ಬೇಗ ಸವೆಯುತ್ತದೆ, ಅದನ್ನು ಕಾಪಾಡಲೆಂದೇ ಈ ಏರ್ಪಾಡು. ಅಂದರೆ ಎಂಜಿನ್ನಿನ ಗಂಟಲು ಕಟ್ಟಬಾರದು. ಪಾದಚಾರಿಯ ಗಂಟಲಿಗೆ ಯಾವ ವಾರಂಟಿಯೂ ಇಲ್ಲವಲ್ಲ! ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರ ಡಿಸೆಂಬರಿನಲ್ಲೇ ಮಸಿ ಮತ್ತು ಸವೆತದ ನೆಪ ನಡೆಯದು ಎಂದಿತು. 2022ರ ಜುಲೈಯಲ್ಲಿ ಆಸ್ಟ್ರಿಯಾದ ಗ್ರಾಹಕರ ಪ್ರಕರಣಗಳಲ್ಲಿ ಇನ್ನೂ ಒಂದು ಸಂಶೋಧನೆ ಮಾಡಿತು: ಯುರೋಪಿನಲ್ಲಿ 15 ಡಿಗ್ರಿಗಿಂತ ಕಡಿಮೆ ತಾಪಮಾನವಿರುವುದು ಸಾಮಾನ್ಯ ಸಂಗತಿ. ವರ್ಷದ ಬಹುಪಾಲು ಜಾರಿಯಲ್ಲಿರುವ ವಿನಾಯಿತಿ ವಿನಾಯಿತಿಯೇ ಅಲ್ಲ. ಇಷ್ಟನ್ನು ಹೇಳಲು ಕಿಟಕಿ ತೆರೆದರೆ ಸಾಕಿತ್ತು. ಹದಿಮೂರು ಜನ ನ್ಯಾಯಾಧೀಶರೋ ಹದಿನೈದು ಜನವೋ, ಅಂತೂ ನಿಲುವಂಗಿ ತೊಟ್ಟು ಕೂರಬೇಕಾಯಿತು.

ಜರ್ಮನ್ ಪ್ರಾಧಿಕಾರ ಒತ್ತಿದ ಮೊಹರು ಸರಿಯಲ್ಲವೆಂದು ಆ ದೇಶದ ಶ್ಲೆಸ್‌ವಿಗ್ ಆಡಳಿತ ನ್ಯಾಯಾಲಯ 2023ರ ಫೆಬ್ರವರಿಯಲ್ಲಿ ಹೇಳಿತು. ಆ ಹೊತ್ತಿಗೆ ಆ ಎಂಜಿನ್ನಿನ ಹೊಸ ಕಾರು ಯುರೋಪಿನ ಯಾವ ಶೋರೂಮಿನಲ್ಲೂ ಉಳಿದಿರಲಿಲ್ಲ.