ಎಂಎ ಜರ್ನಲಿಸಂ ಮಾಡ್ಲಾ ಸಾರ್?

ಡಿಗ್ರಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಬಿಡುವಿಲ್ಲ. "ಸಾರ್, ಬಿಎ ಜರ್ನಲಿಸಂ ಮುಗೀತು. ಎಂಎ ಸೇರ್ಲಾ, ಕೆಲಸಕ್ಕೆ ಸೇರ್ಲಾ?" ಆಗಲೇ ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುವ ಕೆಲಸದಲ್ಲಿರುವ ಹುಡುಗರದ್ದು ಇನ್ನೊಂದು ಪ್ರಶ್ನೆ: "ಸಾರ್, ಕೆಲಸ ಮಾಡ್ತಾನೇ ಎಂಎ ಕಟ್ಲಾ?"

ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ. ಇಲ್ಲೇ ಬರೆದುಬಿಡುತ್ತೇನೆ. ಬಿಎಯಲ್ಲಿ ಪತ್ರಿಕೋದ್ಯಮ ಓದಿದವರು ಎಂಎಯಲ್ಲೂ ಅದನ್ನೇ ಓದಬೇಡಿ. ಅರ್ಥಶಾಸ್ತ್ರ ಓದಿ, ಕಾನೂನು ಓದಿ, ಸಂಖ್ಯಾಶಾಸ್ತ್ರ ಓದಿ.

ಬೈಯಲು ಹೊರಟ ಮೇಷ್ಟ್ರುಗಳು ಮೊದಲು ನನ್ನ ಕತೆ ಕೇಳಿ. ನಾನೂ ಎಂಎ ಜರ್ನಲಿಸಂನವನೇ. ಡೆಸ್ಕಿಗೆ ಸೇರಿ ಎರಡನೇ ವರ್ಷ, ರಾಜ್ಯ ಬಜೆಟ್ ದಿನ. ವಿತ್ತೀಯ ಕೊರತೆಯ ಅಂಕಿ ತೆಗೆದುಕೊಂಡು ಅದಕ್ಕೆ ರಾಜಸ್ವ ಕೊರತೆ ಅಂತ ಹೆಸರು ಕೊಟ್ಟೆ. ಅದೂ ಹೆಡ್ಡಿಂಗಿನಲ್ಲಿ. ನನಗಾಗ ಎರಡೂ ಒಂದೇ. ಸಂಬಳ, ಪಿಂಚಣಿ, ಬಡ್ಡಿಯಂಥ ಮಾಮೂಲಿ ಖರ್ಚಿಗೇ ಸರ್ಕಾರದ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ. ರಸ್ತೆ, ಅಣೆಕಟ್ಟೆ ಎಲ್ಲ ಸೇರಿಸಿ ಒಟ್ಟು ಎಷ್ಟು ಸಾಲ ಬೇಕು ಅನ್ನುವುದು ವಿತ್ತೀಯ ಕೊರತೆ. ತಮಾಷೆ ಅಂದರೆ, ಆ ವರ್ಷ ರಾಜ್ಯದ್ದು ರಾಜಸ್ವ ಹೆಚ್ಚುವರಿ ಬಜೆಟ್! ಬೆಳಿಗ್ಗೆ ನಿವೃತ್ತ ಲೆಕ್ಕಾಧಿಕಾರಿಯೊಬ್ಬರು ಸಂಪಾದಕರಿಗೆ ಫೋನ್ ಮಾಡಿ, "ಇಲ್ಲದ ಕೊರತೆ ಹುಟ್ಟಿಸಿದ ಪುಣ್ಯಾತ್ಮ ಯಾರ್ರೀ?" ಅಂತ ಕೇಳಿದರು.

ನನ್ನ ಎಂಎಯಲ್ಲಿ ಮಾಧ್ಯಮ ಚಿಂತಕ ಮ್ಯಾಕ್‌ಲುಹಾನ್ ಇದ್ದ, ಬಜೆಟ್ ಪುಸ್ತಕ ಇರಲಿಲ್ಲ. ಮುಖ್ಯ ಸಂಗತಿ ಮೊದಲು ಬರೆಯುವ 'ತಲೆಕೆಳಗಾದ ಪಿರಮಿಡ್' ಸೂತ್ರ ಮಾತ್ರ ಬಿಎಯಲ್ಲೂ ಬಂತು, ಎಂಎಯಲ್ಲೂ ಬಂತು. ಆಮೇಲೆ ನೈಟ್ ಶಿಫ್ಟ್ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂಎ ಅರ್ಥಶಾಸ್ತ್ರ ಕಟ್ಟಿದೆ. ಎಷ್ಟು ಮಾರ್ಕ್ಸ್ ಬಂತು ಅಂತ ಕೇಳಬೇಡಿ. ಆದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂದರೆ ಈಗ ಕೈ ನಡುಗುವುದಿಲ್ಲ.

ಹಾಗಂತ ಪತ್ರಿಕೋದ್ಯಮದ ಪಾಠವೇ ದಂಡ ಅಂತಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ನಾಡಿಗ ಕೃಷ್ಣಮೂರ್ತಿಯವರು ಅದನ್ನು ಶುರು ಮಾಡಿದ್ದರು. ಬಿಎಸ್ಸಿ, ಬಿಕಾಂ ಮಾಡಿ ಈ ಕಡೆ ಬರುವವರಿಗೆ ಕಸುಬು ಕಲಿಸುವ ಕೋರ್ಸ್ ಬೇಕೇ ಬೇಕು. ಆದರೆ ಅವರಿಗೂ ಎರಡು ವರ್ಷ ಜಾಸ್ತಿ. ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂನ ಒಂದು ವರ್ಷದ ಡಿಪ್ಲೊಮಾದಂಥದ್ದು ಸಾಕು. ಅಲ್ಲಿ ಫೀಸು ಭಾರ, ಮನೆಯಲ್ಲಿ ಕೂತು ಲೆಕ್ಕ ಹಾಕಿಯೇ ಹೊರಡಿ. ದೆಹಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮಾಸ್ ಕಮ್ಯುನಿಕೇಶನ್ (ಐಐಎಂಸಿ) ಇನ್ನೊಂದು. ಅದರ ಕ್ಯಾಂಪಸ್‌ಗಳಲ್ಲಿ ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮಕ್ಕೆ ಕೋರ್ಸ್ ಇದೆ. ನಮ್ಮವರು ಹೋದರೆ ಇಂಗ್ಲಿಷೋ ಹಿಂದಿಯೋ ಆರಿಸಿಕೊಳ್ಳಬೇಕು. ಇದಕ್ಕೆ ನಮ್ಮ ಸಂಸದರು ಬಾಯಿ ಬಿಡಬೇಕಿತ್ತು ಅಲ್ವಾ?

ಮೇಷ್ಟ್ರಾಗುವ ಆಸೆ ಇರುವವರಿಗೆ ಮಾತ್ರ ನನ್ನ ಮಾತು ಅನ್ವಯಿಸುವುದಿಲ್ಲ. ಅವರಿಗೆ ಅದೇ ವಿಷಯದ ಎಂಎ ಬೇಕು, ಸಾಮಾನ್ಯವಾಗಿ ಶೇ 55 ಅಂಕ ಬೇಕು, ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿರಬೇಕು.

ವಿದೇಶದ ಬಗ್ಗೆಯೂ ಕೇಳುತ್ತಾರೆ. ಸಾಲ ಮಾಡಿ ಅಮೆರಿಕಕ್ಕೆ ಹೋಗಿ ಬಂದು ಕನ್ನಡ ಪತ್ರಿಕೆಯ ಸಂಬಳದಲ್ಲಿ ಕಂತು ಕಟ್ಟುವುದು ಆಗದ ಮಾತು. ಸ್ಕಾಲರ್‌ಶಿಪ್ ಸಿಕ್ಕರೆ ಮಾತ್ರ ಯೋಚಿಸಿ. ಯುರೋಪ್ ಒಕ್ಕೂಟದ ಸ್ಕಾಲರ್‌ಶಿಪ್ ಯೋಜನೆ ಎರಾಸ್ಮಸ್ ಮುಂಡಸ್‌ನ ಪತ್ರಿಕೋದ್ಯಮ ಎಂಎ ಎರಡು ವರ್ಷದ್ದು, ಮೊದಲ ವರ್ಷ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ. ಐದು ವರ್ಷಕ್ಕಿಂತ ಹೆಚ್ಚು ಸರ್ವಿಸ್ ಆದವರು ಆಕ್ಸ್‌ಫರ್ಡಿನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಫೆಲೋಶಿಪ್ ನೋಡಿ. ಡಿಗ್ರಿ ಕೊಡುವುದಿಲ್ಲ. ಆದರೆ ಕೆಲವು ತಿಂಗಳು ಡೆಡ್‌ಲೈನ್ ಇಲ್ಲದೆ ಓದಲು ಬಿಡುತ್ತಾರೆ. ನಮಗೆ ಅದಕ್ಕಿಂತ ಇನ್ನೇನು ಬೇಕು!

ದೂರಶಿಕ್ಷಣಕ್ಕೆ ಸೇರುವವರು ಆ ವರ್ಷ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ನಡುವೆ ಕೆಲವು ವರ್ಷ ಇರಲಿಲ್ಲ, 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡಿನ ಸುದ್ದಿಯನ್ನು ನಾವೇ ಎಷ್ಟು ಸಲ ಎಡಿಟ್ ಮಾಡಿದ್ದೇವೋ.

ಇನ್ನೂ ಅನುಮಾನ ಇದ್ದರೆ ಫೋನ್ ಮಾಡಿ. ಸಂಜೆ ಆರರ ಮೇಲೆ ಮಾತ್ರ ಬೇಡ, ಪೇಜ್ ಕಟ್ಟುವ ಕೆಲಸ ಇರುತ್ತೆ.