ಖಾಲಿ ಜಾಗ ಇತ್ತಲ್ಲ

ನಮ್ಮತ್ತೆಯ ಮೂಗಿನ ಮುಂದೆ ಹಾಲಿನ ಲೆಕ್ಕ ಬರೆದಿತ್ತು. ಬರೆದವರು ಅತ್ತೆಯೇ.

ಮೂಗು ಬರೆದವಳು ನಾನು. ಜನವರಿಯ ಒಂದು ಭಾನುವಾರ ಅವರು ವರಾಂಡದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದಾಗ ಪಕ್ಕದಿಂದ ಹನ್ನೊಂದು ನಿಮಿಷದಲ್ಲಿ ಬರೆದ ಚಿತ್ರ. ಹನ್ನೊಂದು ನಿಮಿಷ ಅಂತ ಖಚಿತವಾಗಿ ಹೇಳಬಲ್ಲೆ, ಚಿಕ್ಕವನ ಮುಂದೆ ಹಾಕಿಟ್ಟಿದ್ದ ಕಾರ್ಟೂನು ಅಷ್ಟೇ ಉದ್ದದ್ದು. ಹಣೆ, ಮೂಗು, ಮೂಗುತಿ, ಜೋತ ಕಿವಿ, ಗಂಟು ಹಾಕಿದ ಕೂದಲು ಎಲ್ಲ ಬಂದಿತ್ತು. ಮೂಗಿನ ಮುಂದೆ ಬಿಳಿ ಕಾಗದ ಹಾಗೇ ಬಿಟ್ಟಿದ್ದೆ. ಈಗ ಅಲ್ಲಿ ನೀಲಿ ಇಂಕಿನಲ್ಲಿ, 'ತಾ. 14 ಇಲ್ಲ. ತಾ. 17 ಅರ್ಧ ಲೀ. ಜಾಸ್ತಿ. ತಾ. 22 ಒಡೆದಿದೆ, ಕೇಳಬೇಕು.'

"ಅತ್ತೆ, ಇದು ನನ್ನ ಚಿತ್ರದ ಪುಸ್ತಕ."

"ಗೊತ್ತಮ್ಮ. ಖಾಲಿ ಜಾಗ ಇತ್ತಲ್ಲ ಅಂತ ಬರೆದೆ. ಮೂಗಿಗೆ ತಗುಲಿಸಿಲ್ಲ ನೋಡು."

ನಿಜ, ತಗುಲಿಸಿರಲಿಲ್ಲ. ಖಾಲಿ ಜಾಗವೂ ಚಿತ್ರದ ಒಳಗೇ ಸೇರಿದ್ದು ಅಂತ ಅವರಿಗೆ ಹೇಳುವುದು ಹೇಗೆ? ಉಡುಪಿ ಕಡೆಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ನೋಡಿ. ಕುಣಿಯುವವಳ ಬೆನ್ನಿಗೊಂದು ಗೆರೆ, ತೋಳಿಗೊಂದು ಗೆರೆ, ಮಿಕ್ಕದ್ದೆಲ್ಲ ಬಿಳಿ. ಅವಳು ತಿರುಗುವುದು ಆ ಬಿಳಿಯಲ್ಲೇ. ಗೆರೆಗೆ ಲಯ ಕೂಡಿಬರಲಿ ಅಂತ ಹೆಬ್ಬಾರರು ಕಥಕ್ ಕೂಡ ಕಲಿತಿದ್ದರಂತೆ. ನನಗೆ ಆ ಖರ್ಚಿಲ್ಲ. ಎರಡೂವರೆ ವರ್ಷದ ಚಿಕ್ಕವನು ದಿನವೂ ನನ್ನ ಬಲ ಮೊಣಕೈ ಮೇಲೇ ಕುಣಿಯುತ್ತಾನೆ, ಲಯ ಬೇಡವೆಂದರೂ ಬಂದು ಗೆರೆಯಲ್ಲಿ ಕೂರುತ್ತದೆ. ಇಷ್ಟೆಲ್ಲ ಬಾಯಿಗೆ ಬಂದದ್ದನ್ನು ನುಂಗಿ "ಸರಿ ಬಿಡಿ ಅತ್ತೆ" ಅಂದೆ. ಹೇಳಿಕೊಳ್ಳಲು ನಾಚಿಕೆ, ಆದರೆ ಆ ಪುಸ್ತಕದಲ್ಲಿ ಶುರುವಾಗಿ, ಕೂಡಿಸಿ, ಕೆಳಗೆ ಎರಡು ಗೆರೆ ಎಳೆದು ಮುಗಿಸಿದ್ದು ಅಂತ ಇದ್ದರೆ ಅದು ಆ ಹಾಲಿನ ಲೆಕ್ಕವೊಂದೇ.

ಮಿಕ್ಕ ಚಿತ್ರಗಳಿಗೆ ಕಾಲಿಲ್ಲ. ನಾನು ಮೇಲಿನಿಂದ ಶುರು ಮಾಡುವವಳು. ಕೂದಲು, ಹುಬ್ಬು, ಕಣ್ಣು ಆಗುವ ಹೊತ್ತಿಗೆ ಯಾರೋ ಏಳುತ್ತಾರೆ, ಏನೋ ಉಕ್ಕುತ್ತದೆ. ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಮಾರುವವಳು ಎದೆಯವರೆಗೆ ಇದ್ದಾಳೆ, ಸ್ಕೂಲ್ ವ್ಯಾನಿನ ಡ್ರೈವರ್ ಮೀಸೆಯವರೆಗೆ. ಯುಕೆಜಿ ಓದುವ ದೊಡ್ಡವಳಿಗೆ ಇದು ಸಹಿಸಲಾಗದ ಅನ್ಯಾಯ. ಇವರಿಗೆಲ್ಲ ಕಾಲು ಯಾಕಿಲ್ಲ ಅಂತ ಕೇಳಿದಳು. "ನೀನು ಎದ್ದೆಯಲ್ಲ, ಅದಕ್ಕೆ" ಅಂದೆ. ಅವತ್ತಿನಿಂದ ಅವಳೇ ಕಾಲು ಒದಗಿಸುತ್ತಿದ್ದಾಳೆ. ಡ್ರೈವರಿಗೆ ಗಲ್ಲದಿಂದ ನೇರ ಎರಡು ಕಡ್ಡಿ ಇಳಿದಿವೆ, ತುದಿಯಲ್ಲಿ ಹೈ ಹೀಲ್ಸ್.

ಇದೆಲ್ಲ ಸಹಿಸಿಕೊಳ್ಳಬಲ್ಲೆ. ನನ್ನ ಮೈ ಉರಿಸುವುದು ಒಂದು ಪದ, 'ಗೀಚು'. "ಪುರುಸೊತ್ತಾದಾಗ ಏನೋ ಗೀಚ್ತಾಳೆ" ಅಂತ ಬಂದವರಿಗೆ ಹೇಳುತ್ತಾರೆ, ಅದೂ ಅಕ್ಕರೆಯಿಂದ. ಬಂದವರು ನನ್ನ ಕಡೆ ತಿರುಗಿ "ಇಬ್ಬರು ಮಕ್ಕಳನ್ನಿಟ್ಟುಕೊಂಡು ಅದು ಹೇಗ್ರೀ ಟೈಮ್ ಸಿಗುತ್ತೆ?" ಅನ್ನುತ್ತಾರೆ. ಕೇಳುವುದು ಪ್ರಶ್ನೆಯಂತೆ, ಒಳಗಿರುವುದು ದೂರು. ಇದೇ ಮನೆಯಿಂದ ನಮ್ಮವರು ವಾರಕ್ಕೆ ಐದು ದಿನ ಬೆಳಿಗ್ಗೆ ಆರಕ್ಕೆ ಶಟಲ್ ಆಡಲು ಹೋಗಿ ಏಳೂವರೆಗೆ ಬರುತ್ತಾರೆ. ಅವರಿಗೂ ಇದೇ ಇಬ್ಬರು ಮಕ್ಕಳು. ಟೈಮ್ ಹೇಗೆ ಸಿಗುತ್ತೆ ಅಂತ ಯಾವ ಅಂಕಲ್ಲೂ ಕೇಳಿದ್ದಿಲ್ಲ. ಅದು ಆರೋಗ್ಯ, ಶಿಸ್ತು. ನನ್ನದು ಪುರುಸೊತ್ತು.

ಇದೇ ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್ ಮನೆಯ ನೆಲ, ಗೋಡೆ, ಬಾಗಿಲೆಲ್ಲ ಚಿತ್ರ ಬರೆದೇ ದೊಡ್ಡವರಾದರು. ಕಾಗೆಯೆಂದರೆ ಅವರಿಗೆ ಪ್ರಾಣ. ನನಗೂ ಅವರ ಕಾಗೆಗಳೆಂದರೆ ಇಷ್ಟ, ಹಾರುವ ಮುಂಚೆ ಒಮ್ಮೆ ವ್ಯವಹಾರ ಯೋಚಿಸುವಂಥ ಕಾಗೆಗಳು. ಆದರೆ ಈಚೆಗೆ ಅವನ್ನು ನೋಡಿದಾಗ ಆ ಗೋಡೆ ಒರೆಸಿದವರು ಯಾರು ಅನ್ನುವುದೇ ಮೊದಲು ತಲೆಗೆ ಬರುತ್ತದೆ.

ಇನ್ನು 'ದಿನಕ್ಕೆ ಹತ್ತೇ ಹತ್ತು ನಿಮಿಷ ಸಾಕು' ಎನ್ನುವ ಹಿತೈಷಿಗಳಿದ್ದಾರೆ. ಹತ್ತು ನಿಮಿಷ ನನಗೂ ಸಿಗುತ್ತದೆ ಸ್ವಾಮಿ, ಒಂದೇ ಕಡೆ ಸಿಗುವುದಿಲ್ಲ. ಕುಕ್ಕರಿನ ಎರಡನೇ ವಿಸಿಲಿಗೂ ಮೂರನೇದಕ್ಕೂ ನಡುವೆ ಎರಡು, ವ್ಯಾನಿಗೆ ಕಾಯುವಾಗ ಮೂರು, ಆಫೀಸಿನಲ್ಲಿ ಸರ್ವರ್ ಮಲಗಿದಾಗ ಮಿಕ್ಕದ್ದು. ನಾನಿರುವುದು ಬ್ಯಾಂಕಿನಲ್ಲಿ, ದೇವಸ್ಥಾನದ ಹುಂಡಿ ಎಣಿಸಿ ಬಂದವಳು. ಚಿಲ್ಲರೆಗೂ ನೋಟಿನಷ್ಟೇ ಬೆಲೆ, ಒಪ್ಪಿದೆ. ಎಣಿಸುವವಳ ಬೆನ್ನು ಬೀಳುತ್ತದೆ ಅಷ್ಟೆ.

ಒಂದೇ ಕಡೆ ಸಿಗುವ ಹೊತ್ತು ರಾತ್ರಿಯದು. ಹೋದ ತಿಂಗಳ ಒಂದು ರಾತ್ರಿಯ ಕಥೆ ಹೇಳಲೇಬೇಕು. ಇಬ್ಬರೂ 9:40ಕ್ಕೆ ಮಲಗಿದರು. ಅಂಥ ಯೋಗ ವರ್ಷಕ್ಕೆ ನಾಲ್ಕು ಸಲ ಬಂದರೆ ಹೆಚ್ಚು. ಪುಸ್ತಕ ತೆಗೆದೆ, ಹೊಸ 4ಬಿ ಪೆನ್ಸಿಲ್ ತೆಗೆದೆ. ಮೊನೆ ಮುರಿದಿದೆ.

ಮೆಂಡರ್ ಬೇಕು. ದಾಖಲೆ ಪ್ರಕಾರ ನಮ್ಮ ಮನೆಯಲ್ಲಿ ಐದು ಮೆಂಡರ್‌ಗಳಿವೆ. ಹುಟ್ಟುಹಬ್ಬದ ರಿಟರ್ನ್ ಗಿಫ್ಟಿನಲ್ಲಿ ಬಂದ ಕಾರಿನಾಕಾರದ್ದು ಸೋಫಾ ಸಂದಿಯಲ್ಲಿ ಸಿಕ್ಕಿತು, ಗಾಲಿ ಇದ್ದವು, ಬ್ಲೇಡಿರಲಿಲ್ಲ. ಮೀನಿನಾಕಾರದ್ದರ ಬಾಯಿಗೆ ಕ್ರೇಯಾನ್ ತುರುಕಿ ಮುರಿದಿತ್ತು. ಒಂದನ್ನು ಚಿಕ್ಕವನು ವಾಷಿಂಗ್ ಮೆಷಿನ್ನಿಗೆ ಹಾಕಿದ್ದ, ಅದರ ಬ್ಲೇಡು ತುಕ್ಕು ಹಿಡಿದು ಪೆನ್ಸಿಲನ್ನು ಕೆತ್ತುವ ಬದಲು ಅಗಿಯುತ್ತಿತ್ತು. ನಾಲ್ಕನೆಯದು ಯಾವತ್ತೋ ಕಾಣೆಯಾದದ್ದು, ಅದರ ಮೇಲೆ ಆಸೆ ಬಿಟ್ಟಿದ್ದೇನೆ. ಐದನೆಯದು, ಒಳ್ಳೆಯದು, ಜಾಮಿಟ್ರಿ ಬಾಕ್ಸಿನಲ್ಲಿ. ಬಾಕ್ಸು ಸ್ಕೂಲ್ ಬ್ಯಾಗಿನಲ್ಲಿ. ಬ್ಯಾಗು ಮಕ್ಕಳ ತಲೆದೆಸೆಯಲ್ಲಿ. ಅದರ ಜಿಪ್ಪು ಎಳೆದರೆ ಬೀದಿನಾಯಿಗಳೂ ಏಳುತ್ತವೆ.

ಚಾಕು ಮೊಂಡು. ನಾವು ಸ್ಕೂಲಿಗೆ ಹೋಗುವಾಗ ತಾತ ಶೇವಿಂಗ್ ಬ್ಲೇಡನ್ನು ಅರ್ಧ ಮಾಡಿ ಪೆನ್ಸಿಲ್ ಹೆರೆದುಕೊಡುತ್ತಿದ್ದರು. ಈಗ ಗಂಡಸರೆಲ್ಲ ಗಡ್ಡಕ್ಕೆ ಟ್ರಿಮ್ಮರ್ ಹಿಡಿದಿದ್ದಾರೆ, ಮನೆಯಲ್ಲಿ ಒಂದು ಬ್ಲೇಡಿಗೆ ಗತಿಯಿಲ್ಲ. ಮನೆಯಲ್ಲಿ ಹರಿತವಾದದ್ದು ಅಂತ ಉಳಿದಿರುವುದು ಅತ್ತೆಯ ಈಳಿಗೆಮಣೆ ಒಂದೇ. ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿ, ಕಾಲಿಟ್ಟು ಕೂತು, 4ಬಿ ಪೆನ್ಸಿಲನ್ನು ನುಗ್ಗೇಕಾಯಿಯಂತೆ ಹಿಡಿದು ಹೆರೆದೆ. ಮೊನೆ ಸೊಗಸಾಗಿ ಬಂತು. ಬೆರಳಿಂದ ಮುಟ್ಟಿದೆ, ಉದುರಿತು. ಮತ್ತೆ ಹೆರೆದೆ, ಮತ್ತೆ ಉದುರಿತು. ಕಾರಣ ಆಮೇಲೆ ಹೊಳೆಯಿತು. ಸಂಜೆಯೆಲ್ಲ ಚಿಕ್ಕವನು ಅದೇ ಪೆನ್ಸಿಲಿನಿಂದ ಸ್ಟೀಲ್ ತಟ್ಟೆ ಬಾರಿಸುತ್ತಿದ್ದ. 4ಬಿಯ ಕಡ್ಡಿ ಮೊದಲೇ ಮೆತ್ತಗೆ, ಏಟು ಬಿದ್ದರೆ ಮರದ ಒಳಗೇ ತುಂಡುತುಂಡಾಗುತ್ತದೆ, ಹೊರಗೆ ಸುಳಿವು ಕೊಡುವುದಿಲ್ಲ. ಒಳಗೊಳಗೇ ಮುರಿದುಕೊಂಡು ಮೇಲೆ ನೆಟ್ಟಗೆ ಕಾಣುವವರು ಮನೆಯಲ್ಲಿ ನಾನೊಬ್ಬಳೇ ಅಲ್ಲ ಅಂತಾಯಿತು.

ಅಷ್ಟರಲ್ಲಿ ಅತ್ತೆ ನೀರು ಕುಡಿಯಲು ಬಂದು ಲೈಟ್ ಹಾಕಿದರು. ನಾನು, ಈಳಿಗೆಮಣೆ, ಸುತ್ತ ಹೊಟ್ಟು.

"ಏನಮ್ಮ ಇಷ್ಟೊತ್ತಲ್ಲಿ ಹೆಚ್ತಾ ಇದೀಯ?"

"ಪೆನ್ಸಿಲ್ ಅತ್ತೆ."

ಅವರು ಒಂದು ಗುಟುಕು ನೀರು ಕುಡಿದು, ಇನ್ನೊಂದು ಗುಟುಕು ಕುಡಿದು, "ಬೆಳಿಗ್ಗೆ ಅದರಲ್ಲೇ ಹುರುಳಿಕಾಯಿ ಹೆಚ್ಚಬೇಕು, ತೊಳೆದಿಡು" ಅಂದು ಹೋದರು. ನಾನು ಬಿಡಲಿಲ್ಲ. 10:35ರ ಹೊತ್ತಿಗೆ ಕಿರುಬೆರಳುದ್ದದ ಪೆನ್ಸಿಲ್ ಉಳಿದಿತ್ತು, ಮೊನೆ ಗಟ್ಟಿ ನಿಂತಿತ್ತು. ಮಣೆ ತೊಳೆದು, ಕೈ ಒರೆಸಿ, ಪುಸ್ತಕ ಬಿಚ್ಚಿ, ಮಲಗಿದ ಚಿಕ್ಕವನ ಕಿವಿಯ ಮೇಲಿನ ಒಂದು ಬಾಗು ಎಳೆದೆ. ಚಿಕ್ಕವನು ಎದ್ದು ಕೂತ.

ರಬ್ಬರಿನದು ಇನ್ನೊಂದು ಗೋಳು. ಮಕ್ಕಳ ಸ್ಟ್ರಾಬೆರಿ ವಾಸನೆಯ ರಬ್ಬರು ಗೆರೆಯನ್ನು ಅಳಿಸುವುದಿಲ್ಲ, ಕಾಗದಕ್ಕೆಲ್ಲ ಹಂಚುತ್ತದೆ. ಪೆನ್ಸಿಲ್ ಗೆರೆಯನ್ನು ರಬ್ಬರು ಅಳಿಸುತ್ತದೆ ಅಂತ ಜೋಸೆಫ್ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ, ಅಲ್ಲಿಯವರೆಗೆ ಬ್ರೆಡ್ಡಿನ ತಿರುಳೇ ಗತಿಯಾಗಿತ್ತು ಎಂದು ಓದಿ ನಾನೂ ಪ್ರಯತ್ನಿಸಿದೆ. ಚೆನ್ನಾಗಿ ಅಳಿಸಿತು. ಅಳಿಸಿ ಕಪ್ಪಗಾದ ಉಂಡೆಯನ್ನು ಚಿಕ್ಕವನು ತಿಂದ. ಇನ್ನೊಂದು ಕೇಳಿದ.

ಹಾಲಿನ ಲೆಕ್ಕಕ್ಕೆ ಬರುತ್ತೇನೆ. ಅದೇ ಸಂಜೆ ದೊಡ್ಡವಳು ಆ ಪುಟವನ್ನು ಬಹಳ ಹೊತ್ತು ನೋಡಿದಳು.

"ಅಮ್ಮ, ಅಜ್ಜಿಗೆ ಒಂದೇ ಕಣ್ಣು."

"ಪಕ್ಕದಿಂದ ನೋಡಿದರೆ ಒಂದೇ ಕಾಣೋದು ಪುಟ್ಟಿ. ಇನ್ನೊಂದು ಆ ಕಡೆ ಇರುತ್ತೆ."

ವಾದ ಮಾಡಲಿಲ್ಲ. ಹಾಳೆ ತಿರುಗಿಸಿದಳು. ತಿರುಗಿಸಿ ಕಿಟಕಿ ಗಾಜಿಗೆ ಒತ್ತಿ ಹಿಡಿದು, ಹಿಂದಿನಿಂದ ಮಸುಕಾಗಿ ಕಾಣುತ್ತಿದ್ದ ಕಣ್ಣಿನ ಮೇಲೇ, ನಾಲಿಗೆ ಹೊರಗೆ ಹಾಕಿಕೊಂಡು, ಒಂದು ಕಣ್ಣು ಬರೆದಳು. ದುಂಡಗೆ, ರೆಪ್ಪೆಗೂದಲು ಆರು. ಬೇರೇನೂ ಇಲ್ಲದ ಬಿಳಿ ಹಾಳೆಯಲ್ಲಿ ಒಂದು ಕಣ್ಣು ಮಾತ್ರ, ಸರಿಯಾಗಿ ಇರಬೇಕಾದ ಜಾಗದಲ್ಲಿ. ನಾನು ಕೈಯಲ್ಲಿದ್ದ ಲಟ್ಟಣಿಗೆ ಹಿಡಿದೇ ನಿಂತಿದ್ದೆ. ಚಪಾತಿ ಸೀದುಹೋಯಿತು.

ಅಜ್ಜಿಗೆ ತೋರಿಸಲು ಓಡಿದಳು. ಅತ್ತೆ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು, ಈ ಕಡೆ ನೋಡಿ, ಆ ಕಡೆ ನೋಡಿ, ಈ ಕಡೆಯ ಲೆಕ್ಕ ಇನ್ನೊಮ್ಮೆ ಕೂಡಿಸಿ, ಆ ಕಡೆಯ ಖಾಲಿ ಜಾಗದ ಮೇಲೆ ಒಂದು ಕ್ಷಣ ಕಣ್ಣಿಟ್ಟರು. ನನಗೆ ಗೊತ್ತು ಆ ನೋಟ, ಫೆಬ್ರುವರಿಯ ಹಾಲು ಇನ್ನೂ ಬಾಕಿಯಿತ್ತು.

"ಎಲ್ಲ ಸರಿ, ನನ್ನ ಕನ್ನಡಕ ಎಲ್ಲಿ?" ಅಂದರು.

ದೊಡ್ಡವಳು ಬರೆಯಲು ಕೂತಳು. ಟಕ್ ಅಂತ ಸದ್ದಾಯಿತು.

"ಅಮ್ಮಾ, ಮೆಂಡರ್ ಎಲ್ಲಿ?"